ಕುತ್ತಿಗೆಗೆ ಕತ್ತರಿಯೋ, ತೊಡೆಗೆ ತಂತಿಯೋ

ಮೊದಲ ಸಲ ನನ್ನ ಮಾತು ಕೆಟ್ಟಾಗ ಮಗಳು ಅದನ್ನು ನೆಟ್‌ವರ್ಕ್ ತೊಂದರೆ ಎಂದುಕೊಂಡು ಫೋನ್ ಇಟ್ಟುಬಿಟ್ಟಳು.

ಅವಳಿರುವುದು ಸಿಂದಗಿಯಲ್ಲಿ, ನಾವಿರುವುದು ಬಸವನ ಬಾಗೇವಾಡಿಯಲ್ಲಿ. ದಿನಾ ಮುಂಜಾನೆ ಅಡುಗೆ ಆದ ಮೇಲೆ ಒಂದು ಸಲ ಮಾತಾಡಿದರೇ ಇಬ್ಬರಿಗೂ ಸಮಾಧಾನ. ಅವತ್ತು ನಾನು ಪಡಸಾಲೆಯಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ನಿನ್ನೆ ಹೆಪ್ಪು ಹಾಕಿದ ಮೊಸರು ಗಟ್ಟಿಯಾಗಿಲ್ಲ ಅಂತ ಹೇಳಲು ಹೊರಟಿದ್ದೆ. ಹೊರಬಂದದ್ದು "ಕಿಟಕಿ ಹೆಪ್ಪು... ಕಿಟಕಿ..." ಅಂತ. ತಪ್ಪು ಹೇಳಿದೆ ಅನ್ನುವುದು ನನಗೆ ಗೊತ್ತು. ತಿದ್ದಲು ಹೋದೆ. ಇನ್ನೂ ಅಧ್ವಾನವಾಯಿತು. 

"ಅವ್ವಾ, ನಿನ್ನ ಮಾತು ಕಡದ ಕಡದ ಬರಾಕತ್ತಾವು. ನೆಟ್‌ವರ್ಕ್ ಇಲ್ಲ ಕಾಣ್ತೈತಿ, ಆಮ್ಯಾಲ ಹಚ್ತೇನಿ," ಅಂದು ಅವಳು ಇಟ್ಟಳು. ನಾನು ಸೊಪ್ಪು ಸೋಸೋಣ ಅಂತ ಕೈ ಚಾಚಿದರೆ ಬಲಗೈ ದಂಟನ್ನು ಹಿಡಿಯಲಿಲ್ಲ. ಬೆರಳುಗಳು ನನ್ನವೇ, ಆದರೆ ಯಾರದೋ ಮನೆಯ ಬೆರಳು ನೋಡಿದ ಹಾಗೆ ನೋಡುತ್ತ ಕೂತೆ. ಒಲೆಯ ಮೇಲಿನ ಹಾಲು ಉಕ್ಕುವಷ್ಟು ಹೊತ್ತು ಇರಬಹುದು. ಆಮೇಲೆ ಎಲ್ಲ ಮೊದಲಿನಂತೆ ಆಯಿತು. ಮೊಸರಿಗೆ ಮೊಸರು ಅಂದೆ, ಕಿಟಕಿಗೆ ಕಿಟಕಿ ಅಂದೆ. ಒಬ್ಬಳೇ ಕೂತು ಪಾತ್ರೆಪಗಡ, ಬಾಗಿಲು, ಪಾವಟಿಗೆ, ಕಣ್ಣಿಗೆ ಬಿದ್ದದ್ದರ ಹೆಸರನ್ನೆಲ್ಲ ಗಟ್ಟಿಯಾಗಿ ಹೇಳಿ ನೋಡಿದೆ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಸಾಲಿಯಲ್ಲಿ ಕಲಿಸಿದವಳು, ಕೊನೆಯ ವರ್ಷಗಳು ಗೊಳಸಂಗಿಯಲ್ಲಿ. ಮಾತು ನನ್ನ ಅನ್ನ. ನಿವೃತ್ತಿಯಾದ ಮೇಲೂ ನನ್ನ ಬಾಯಿಗೆ ರಜೆ ಸಿಕ್ಕಿಲ್ಲ ಅಂತ ಓಣಿಯವರು ಆಡಿಕೊಳ್ಳುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ನಮ್ಮವರು ಅದಕ್ಕೆ ತದ್ವಿರುದ್ಧ. ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಜೀವಮಾನವಿಡೀ ಬೆನ್ನ ಹಿಂದೆ ಐವತ್ತು ಜನರ ಗಲಾಟೆ ಕೇಳಿ ಕೇಳಿ ತಮ್ಮ ಪಾಲಿನ ಮಾತನ್ನೂ ಅವರಿಗೇ ಬಿಟ್ಟುಕೊಟ್ಟವರ ಹಾಗೆ ಇರುತ್ತಾರೆ. ಅಂಗಳದಲ್ಲಿ ಸ್ಕೂಟರ್ ಒರೆಸುತ್ತಿದ್ದರು. ನಾನು ನಡೆದದ್ದನ್ನು ನಗುತ್ತಲೇ ಹೇಳಿದೆ, ವಾಯು ಇರಬೇಕು ಅಂದೆ. ಅವರು ಬಟ್ಟೆ ಹಿಂಡಿ ತಂತಿಗೆ ಹಾಕಿ, "ನಡಿ," ಅಂದರು.

"ಎಲ್ಲಿಗ್ರೀ?"

"ದವಾಖಾನಿಗೆ. ನಡಿ ಅಂದೆ."

ಬಾಗೇವಾಡಿಯ ಡಾಕ್ಟರು ನನ್ನ ಮೊಮ್ಮಗನ ವಯಸ್ಸಿನವರು. ಬಿ.ಪಿ. ನೋಡಿದರು, ಕೈ ಎತ್ತಿಸಿದರು, ಹಲ್ಲು ಕಿರಿಯಲು ಹೇಳಿದರು. ಆಮೇಲೆ ಎದೆಗೆ ಇಡುವ ನಳಿಗೆಯನ್ನು ಕುತ್ತಿಗೆಯ ಎಡಕ್ಕೆ ಇಟ್ಟು ಉಸಿರು ಹಿಡಿಯಿರಿ ಅಂದರು. "ಎದಿ ಇನ್ನೊಂದೀಟು ಕೆಳಗೈತ್ರಿ ಡಾಕ್ಟ್ರ," ಅಂದೆ. ಅವರು ನಗಲಿಲ್ಲ. ಮತ್ತೊಮ್ಮೆ ಇಟ್ಟು ಕೇಳಿದರು. ನನಗೆ ಭಯ ಶುರುವಾದದ್ದು ಅಲ್ಲಿಂದ.

"ಕಣ್ಣಿಗೇನರ ಆಗಿತ್ತೇನ್ರಿ, ಇತ್ತೀಚಿಗೆ?" ಅಂತ ಕೇಳಿದರು.

ಆಗಿತ್ತು. ತಾಳಿಕೋಟೆಯಲ್ಲಿ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿ ಮುದ್ದೇಬಿಹಾಳದ ಬಸ್ಸಿನಲ್ಲಿ ಬರುವಾಗ ಎಡಗಣ್ಣಿಗೆ ಮೇಲಿನಿಂದ ಪರದೆ ಇಳಿದ ಹಾಗೆ ಆಗಿ, ಕೊಂಚ ಹೊತ್ತಿಗೆ ಮತ್ತೆ ಮೇಲೆ ಹೋಗಿತ್ತು. ನಾನು ಕಣ್ಣಿನ ಚಾಳೀಸು ಬದಲಿಸಿಕೊಂಡು ಸುಮ್ಮನಾಗಿದ್ದೆ. ನಮ್ಮವರು ಆ ಮಾತು ಕೇಳಿ ನನ್ನ ಕಡೆ ತಿರುಗಿ ನೋಡಿದರು. ಅವರಿಗೂ ಹೇಳಿರಲಿಲ್ಲ.

ವಿಜಯಪುರದಲ್ಲಿ ಕುತ್ತಿಗೆಗೆ ತಣ್ಣನೆಯ ಅಂಟು ಹಚ್ಚಿ ಸ್ಕ್ಯಾನ್ ಮಾಡಿದ ಹುಡುಗಿ ಮೊದಮೊದಲು ಚೆನ್ನಾಗಿಯೇ ಹರಟುತ್ತಿದ್ದಳು. ಎಡಕ್ಕೆ ಬಂದದ್ದೇ ಮಾತು ನಿಂತಿತು. ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ನಿಮ್ಮ ಜೋಡಿ ಯಾರ ಬಂದಾರ್ರಿ?" ಅಂತ ಕೇಳಿದಳು. ನಾನು ಮೇಷ್ಟ್ರಾಗಿದ್ದವಳು, ಮಗುವಿಗೆ ಹೇಳದೆ ತಂದೆತಾಯಿಯನ್ನು ಕರೆಸುವುದು ಯಾವಾಗ ಅಂತ ನನಗೆ ಗೊತ್ತು.

ಮಿದುಳಿಗೆ ರಕ್ತ ಒಯ್ಯುವ ಎಡಗಡೆಯ ದೊಡ್ಡ ನಾಳ ಬಹುಮಟ್ಟಿಗೆ ಕಟ್ಟಿದೆ, ಅಲ್ಲಿಂದ ಚೂರುಗಳು ಮೇಲೆ ಹೋಗಿ ನನಗೆ ಆ ಎರಡು ಸೂಚನೆ ಕೊಟ್ಟಿವೆ, ಮೂರನೆಯದು ಸೂಚನೆಯಾಗಿ ಬರಬೇಕೆಂದೇನಿಲ್ಲ: ಅಲ್ಲಿನ ಡಾಕ್ಟರು ಹೇಳಿದ್ದು ಇಷ್ಟು. ಎಡಗಡೆಯ ಮಿದುಳು ಬಲಗೈಯನ್ನೂ ಮಾತನ್ನೂ ನೋಡಿಕೊಳ್ಳುತ್ತದಂತೆ. ಕೈಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಮಾತು ಹೋದರೆ? ಆ ಒಂದೇ ಪ್ರಶ್ನೆ ಮನೆವರೆಗೆ ನನ್ನ ಪಕ್ಕದಲ್ಲಿ ಕೂತು ಬಂತು.

ಸೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಹೋಗಿ, ತಡ ಮಾಡಬೇಡಿ ಅಂದರು. ದಾರಿಯಲ್ಲಿ ಇಂಡಿ ಊರಿನಲ್ಲಿ ನನ್ನ ತಮ್ಮ ಈಶ್ವರಪ್ಪ ನಮ್ಮ ಗಾಡಿ ಹತ್ತಿಕೊಂಡ. ಅವನದು ಲಿಂಬಿ ತೋಟ. ಒಂದು ಚೀಲ ಲಿಂಬಿಹಣ್ಣು ತಂದಿದ್ದ, ಆಸ್ಪತ್ರೆಯಲ್ಲಿ ಅದನ್ನು ಯಾರು ಹಿಂಡುತ್ತಾರೋ ಆ ದೇವರಿಗೇ ಗೊತ್ತು. ಅವನಿಗೆ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಕೈಯ ನಾಳದಿಂದ ತಂತಿ ತೂರಿಸಿ ಜಾಳಿಗೆ ಬಿಟ್ಟು ಬಂದರು, ಮೂರನೆಯ ದಿನ ತೋಟದಲ್ಲಿದ್ದೆ ಅಂತ ಅವನು ಎಲ್ಲರಿಗೂ ಹೇಳುತ್ತಾನೆ. ಹೀಗಾಗಿ ಈ ವಿಷಯದಲ್ಲಿ ತಾನೇ ಅರ್ಧ ಡಾಕ್ಟರು ಅಂತ ಅವನ ತಿಳಿವಳಿಕೆ. 

"ಅಕ್ಕಾ, ನೀ ಸ್ಟೆಂಟ್ ಹಾಕಿಸ್ಕೊ. ತೊಡಿ ಸಂದ್ಯಾಗಿಂದ ತಂತಿ ಬಿಡ್ತಾರ, ಮುಗೀತು. ಕುತ್ತಿಗಿ ಕೊಯ್ಯಾಕ ಯಾರರ ಕೊಡ್ತಾರೇನು?" ಅಂತ ದಾರಿಯುದ್ದಕ್ಕೂ ಹೇಳಿದ. ಸಿಂದಗಿಯಿಂದ ನೇರ ಬಂದಿದ್ದ ಮಗಳು ಫೋನಿನಲ್ಲಿ ಅದೂ ಇದೂ ಓದಿ, ಒಂದು ಗಳಿಗೆ ಮಾಮನ ಪಕ್ಷ, ಇನ್ನೊಂದು ಗಳಿಗೆ ಎದುರು ಪಕ್ಷ. ಅವಳ ಕಣ್ಣು ಅತ್ತು ಅತ್ತು ಊದಿದ್ದವು. ಅವತ್ತು ಫೋನ್ ಇಟ್ಟುಬಿಟ್ಟದ್ದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ನಾನು ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ.

ಕಾಯುವ ಕೋಣೆಯ ಉಕ್ಕಿನ ಕುರ್ಚಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವುಗಳ ಮೇಲೆ ಕೂತವರು ಯಾರೂ ಬರೀ ಕೂತಿರುವುದಿಲ್ಲ, ಒಬ್ಬರನ್ನೊಬ್ಬರು ಅಳೆಯುತ್ತಿರುತ್ತಾರೆ. ನನ್ನ ಎದುರಿಗೆ ಪಂಢರಪುರದ ಕಡೆಯ ಒಬ್ಬಾಕೆ. ಅವಳ ಗಂಡನಿಗೆ ಹಿಂದಿನ ದಿನ ಕುತ್ತಿಗೆಯ ನಾಳಕ್ಕೇ ಸ್ಟೆಂಟ್ ಹಾಕಿದ್ದರು. ಆತ ಬಾಳೆಹಣ್ಣು ತಿನ್ನುತ್ತ ಓಡಾಡುತ್ತಿದ್ದ. ಈಶ್ವರಪ್ಪ ನನ್ನ ಮೊಣಕೈ ತಿವಿದು "ನೋಡಿದೆಲ್ಲ?" ಅಂದ. ಅದೇ ಸಾಲಿನ ಕೊನೆಯಲ್ಲಿ ಗಾಲಿ ಕುರ್ಚಿಯ ಮೇಲೆ ಒಬ್ಬರು, ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು, ಸೊಸೆ ಒರೆಸುತ್ತಿದ್ದಳು. ಅವರು ಯಾವ ಚಿಕಿತ್ಸೆಗೂ ಬರದೆ ಊರಲ್ಲೇ ತಿಂಗಳುಗಟ್ಟಲೆ ಮುಂದೂಡಿದವರಂತೆ. ನಾನು ಅವರನ್ನು ನೋಡಬಾರದು ಅಂದುಕೊಂಡೂ ನೋಡಿದೆ. ಪಂಢರಪುರದಾಕೆ ಎದ್ದು ಬಂದು ನನ್ನ ಕೈಯಲ್ಲಿ ಒಂದು ಶೇಂಗಾ ಉಂಡೆ ಇಟ್ಟು ಹೋದಳು. ಅಷ್ಟು ದಿನಗಳಲ್ಲಿ ನಾನು ರುಚಿ ಹತ್ತಿ ತಿಂದದ್ದು ಅದೊಂದನ್ನೇ.

ನಮಗೆ ಇಬ್ಬರು ಡಾಕ್ಟರನ್ನು ತೋರಿಸಿದರು, ಒಬ್ಬರು ಸ್ಟೆಂಟ್ ಹಾಕುವವರು, ಒಬ್ಬರು ಕುತ್ತಿಗೆ ಕೊಯ್ದು ನಾಳದೊಳಗಿನ ಕಿಲುಬು ತೆಗೆಯುವ ಸರ್ಜನ್. ಇಬ್ಬರೂ ಒಂದೇ ಮೇಜಿಗೆ ಕೂತಿದ್ದರು. ಪ್ರತಿಯೊಬ್ಬರೂ ತಮ್ಮ ಸರಕನ್ನೇ ಹೊಗಳುತ್ತಾರೆ ಅಂತ ನಾನು ಮೊದಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ.

"ಎರಡರಾಗ ಯಾವುದು ಅಪಾಯ, ಧೋಕಾ ಇಲ್ದಂಥಾದ್ದು, ಅದನ್ನಷ್ಟ ಹೇಳ್ರಿ," ಅಂದೆ.

"ಧೋಕಾ ಇಲ್ದಂಥಾದ್ದು ಯಾವುದೂ ಇಲ್ಲ ಬಾಯಾರ," ಅಂದರು ಸರ್ಜನ್. "ನಾವು ತಪ್ಪಿಸಾಕ ಹೊಂಟಿದ್ದು ಲಕ್ವಾ. ಅದನ್ನ ತಪ್ಪಿಸಾಕ ಹೋಗಿ ನಮ್ಮ ಕೈಯಾಗ ಅದ ಆಗಬಹುದು. ಇಬ್ಬರ ಕೈಯಾಗೂ ಆಗಬಹುದು. ಸಣ್ಣ ಪ್ರಮಾಣ ಐತಿ, ಆದ್ರ ಐತಿ."

ಈಶ್ವರಪ್ಪ ಮಧ್ಯೆ ಬಾಯಿ ಹಾಕಿ, ಬರೀ ಗುಳಿಗೆ ನುಂಗಿಕೊಂಡು ಇರಬಾರದೇ ಅಂದ. ಸೂಚನೆ ಬಾರದವರಿಗೆ ಎಷ್ಟೋ ಸಲ ಅದೇ ಸಾಕು, ಇವರಿಗೆ ಎರಡು ಸಲ ಬಂದಿದೆ, ಗುಳಿಗೆ ಹೇಗೂ ಬೇಕು, ಆದರೆ ಬರೀ ಅದನ್ನೇ ನಂಬಿ ಕೂರುವ ಧೈರ್ಯ ನಮಗಿಲ್ಲ ಅಂದರು ಡಾಕ್ಟರು.

ಆಮೇಲೆ ಇಬ್ಬರೂ ಬಿಡಿಸಿ ಹೇಳಿದರು. ಕೊಯ್ದರೆ ಕುತ್ತಿಗೆಯ ಸಣ್ಣ ನರಗಳಿಗೆ ಪೆಟ್ಟಾಗಬಹುದು, ದನಿ ಒಡೆಯಬಹುದು, ನಾಲಿಗೆ ಭಾರವಾಗಬಹುದು. ಹೃದಯದ ಮೇಲೆ ಭಾರ ಬೀಳುತ್ತದೆ. ತಂತಿಯಲ್ಲಿ ಈ ಯಾವ ತಾಪತ್ರಯವೂ ಇಲ್ಲ. ಆದರೆ ತಂತಿ ಹೋಗುವಾಗ ನಾಳದ ಗೋಡೆಯ ಕಿಲುಬು ಎದ್ದು ಮಿದುಳಿಗೆ ಹೋಗುವ ಅಪಾಯ ಸ್ವಲ್ಪ ಹೆಚ್ಚು, ಎಪ್ಪತ್ತು ದಾಟಿದವರಲ್ಲಿ ಅದು ಎದ್ದು ಕಾಣುತ್ತದೆ. ನನಗೆ ಎಪ್ಪತ್ತೊಂದು.

ಸ್ಟೆಂಟ್ ಡಾಕ್ಟರು ನನ್ನ ಸ್ಕ್ಯಾನನ್ನು ಬೆಳಕಿಗೆ ಹಿಡಿದರು. "ನನ್ನ ಕೆಲಸ ನಾನೇ ಬಿಟ್ಟುಕೊಡಾಕತ್ತೇನಿ ನೋಡ್ರಿ. ನಿಮ್ಮ ಎದಿಯಿಂದ ಮ್ಯಾಲ ಹೋಗೋ ನಾಳ ಹಿಂಗ ಸೊಟ್ಟ ತಿರುಗೇತಿ. ಇದರಾಗ ತಂತಿ ತಿರುವಿ ಒಯ್ಯೂದಂದ್ರ ನನಗ ಜೀವ ಒಪ್ಪವಲ್ದು. ನಿಮ್ಮ ತಮ್ಮನಂಗ ಐವತ್ತೈದರ ಆಸುಪಾಸು ಇದ್ದು, ದಾರಿ ನೆಟ್ಟಗಿದ್ದಿದ್ರ ನಾನ ಮಾಡ್ತಿದ್ದೆ."

ಈಗಲೂ ಊರೂರಿನಿಂದ ಜನ ಫೋನ್ ಹಚ್ಚಿ ಎರಡರಲ್ಲಿ ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳುತ್ತಾರೆ. ಬಾಳೆಹಣ್ಣು ತಿನ್ನುತ್ತಿದ್ದ ಆ ಮನುಷ್ಯನಿಗೆ ತಂತಿ ಒಳ್ಳೆಯದಾಗಿತ್ತು. ಒಬ್ಬ ಹುಡುಗನ ಅಂಕ ನೋಡಿ ಇಡೀ ವರ್ಗದ ಫಲಿತಾಂಶ ಹೇಳಲು ಬರುವುದಿಲ್ಲ. ನಿಮ್ಮ ವಯಸ್ಸು, ನಿಮ್ಮ ನಾಳದ ತಿರುವು, ನಿಮ್ಮ ಹೃದಯ, ಮಾಡುವವರ ಕೈ, ಇವನ್ನು ಕೇಳಿ ಅನ್ನುತ್ತೇನೆ. ನಿಮ್ಮ ಕೈಯಲ್ಲಿ ಎಷ್ಟು ಜನರಿಗೆ ಕೆಟ್ಟಿದೆ ಅಂತ ಡಾಕ್ಟರ ಮುಖ ನೋಡಿ ಕೇಳಿ ಅನ್ನುತ್ತೇನೆ. ನಾನು ಕೇಳಿದ್ದೆ. ಸರ್ಜನ್ ಮುಖ ತಪ್ಪಿಸದೆ ಹೇಳಿದರು. ಆ ಅಂಕಿ ಇಲ್ಲಿ ಬರೆಯುವುದಿಲ್ಲ, ಅದು ಅವರ ಕೈಯ ಅಂಕಿ, ನಿಮ್ಮ ಡಾಕ್ಟರದ್ದಲ್ಲ.

"ಮಾತು ಉಳಿತೈತೇನ್ರಿ?" ಅಂತ ಕೊನೆಗೆ ಕೇಳಿದೆ.

"ಉಳಸಾಕ ನೋಡ್ತೇನಿ. ನಿಮ್ಮನ್ನ ಎಚ್ಚರ ಇಟ್ಟ ಮಾಡ್ತೇನಿ. ಕುತ್ತಿಗಿ ಅಷ್ಟ ಮರಗಟ್ಟಸ್ತೀವಿ. ನಾ ನಾಳ ಕಟ್ಟಿ ಹಿಡಿದಾಗ ನೀವು ಮಾತಾಡ್ತಾ ಇರಬೇಕು, ಕೈ ಒತ್ತತಾ ಇರಬೇಕು. ಮಾತು ನಿಂತ್ರ ಮಿದುಳಿಗೆ ರಕ್ತ ಸಾಲವಲ್ದು ಅಂತ ತಿಳೀತೈತಿ. ಆಗ ಒಂದು ಸಣ್ಣ ನಳಿಗಿ ಇಟ್ಟು ರಕ್ತ ದಾಟಸ್ತೇನಿ, ಶಂಟ್ ಅಂತಾರ. ಅದನ್ನ ಎಲ್ಲಾರಿಗೂ ಇಡೂದಿಲ್ಲ. ಇಡೂವಾಗನ ಚೂರು ಎದ್ದು ಮ್ಯಾಲ ಹೋಗಬಹುದು. ಬೇಕಾದ್ರ ಅಷ್ಟ." ನಿದ್ದೆ ಬರಿಸಿ ಮಾಡುವವರೂ ಇದ್ದಾರೆ, ಅದೂ ಕಡಿಮೆಯಲ್ಲ, ತಮಗೆ ಇದು ರೂಢಿ ಅಂತಲೂ ಹೇಳಿದರು.

ಹೊರಗೆ ಬಂದ ಮೇಲೆ ಈಶ್ವರಪ್ಪ ಸಿಟ್ಟಿನಿಂದ ನಮ್ಮವರ ಕಡೆ ತಿರುಗಿದ. "ಮಾಮಾ, ನೀವರ ಬಾಯಿ ಬಿಟ್ಟು ಒಂದ ಮಾತು ಹೇಳ್ರಿ. ಎಚ್ಚರ ಇದ್ದಂಗ ಕುತ್ತಿಗಿ ಕೊಯ್ತಾರಂತ."

"ಮಾತಾಡಾಕಿ ಆಕಿ. ಹೋಗೂದೂ ಆಕಿ ಮಾತ. ಆಕಿನ ಹೇಳ್ಲಿ," ಅಂದರು ನಮ್ಮವರು. ನಾನು ಕೊಯ್ಯಲಿ ಅಂದೆ.

ಆಪರೇಶನ್ನಿನ ಮುಂಜಾನೆ ನರ್ಸ್ ಬಂದು ಕೊರಳಲ್ಲಿ ಏನೂ ಇರಬಾರದು ಅಂದಳು. ಮಗಳು ತಾಳಿ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು. ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಜೇಬಿಗೆ ಹಾಕಿಕೊಂಡು, ನಾನು ಬಾಗಿಲು ದಾಟುವವರೆಗೆ ಆ ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು.

ಒಳಗೆ ಚಳಿಯೋ ಚಳಿ. ಕುತ್ತಿಗೆಗೆ ಚುಚ್ಚಿದ ಸೂಜಿಗಳ ಲೆಕ್ಕ ಬಿಟ್ಟೆ. ಆಮೇಲೆ ಎಡಗಡೆ ನನ್ನದಲ್ಲದಂತಾಯಿತು. ಮುಖದ ಮೇಲೊಂದು ಹಸಿರು ಬಟ್ಟೆಯ ಚಪ್ಪರ ಹಾಕಿದರು, ಬಲಕ್ಕೆ ಮಾತ್ರ ತೆರೆದಿತ್ತು. ಅಲ್ಲಿ ನನ್ನ ಮುಖಕ್ಕೆ ಮುಖ ಕೊಟ್ಟು, ಮರಗಟ್ಟಿಸುವ ಡಾಕ್ಟರಮ್ಮ ಕೂತರು. ಮರಾಠಿ ಮನೆಯವರು, ಸೊಲ್ಲಾಪುರದ ಕನ್ನಡ ಚೆನ್ನಾಗಿ ಬರುತ್ತಿತ್ತು. ನನ್ನ ಬಲಗೈಗೆ ಮಕ್ಕಳ ರಬ್ಬರ್ ಬಾತುಕೋಳಿ ಕೊಟ್ಟರು. ಒತ್ತಿದರೆ ಚೀಂವ್ ಅನ್ನುತ್ತಿತ್ತು. 

"ನಾ ಒತ್ರಿ ಅಂದಾಗೊಮ್ಮೆ ಒತ್ತಬೇಕು ಆಜಿ. ಮತ್ತ ನಾ ಕೇಳಿದ್ದಕ್ಕ ಉತ್ತರ ಹೇಳಬೇಕು," ಅಂದರು.

ಕುತ್ತಿಗೆಯಲ್ಲಿ ನೋವಿರಲಿಲ್ಲ, ಜಗ್ಗಾಟ ಇತ್ತು. ಯಾರೋ ಗೋಣಿಚೀಲದ ಹೊಲಿಗೆ ಬಿಚ್ಚುತ್ತಿರುವ ಹಾಗೆ. ಎಷ್ಟೋ ಹೊತ್ತಿನ ಮೇಲೆ ಚಪ್ಪರದ ಆಚೆಯಿಂದ ಸರ್ಜನ್, "ಈಗ ಕಟ್ಟತೇನಿ," ಅಂದರು. ಕೋಣೆಯಲ್ಲಿ ಇದ್ದ ಸಣ್ಣಪುಟ್ಟ ಸದ್ದುಗಳೆಲ್ಲ ನಿಂತುಹೋದವು. 

"ಒತ್ರಿ." ಚೀಂವ್. 

"ಊರು ಯಾವುದು?" "ಬಸವನ ಬಾಗೇವಾಡಿ." 

"ಒತ್ರಿ." ಚೀಂವ್. 

"ಏನ ಕೆಲಸ ಮಾಡ್ತಿದ್ರಿ?" "ಸಾಲಿ ಕಲಸ್ತಿದ್ದೆ." 

"ಹಂಗಾದ್ರ ಹದಿನೇಳರ ಮಗ್ಗಿ ಹೇಳ್ರಿ." ಹುಡುಗರನ್ನು ನಿಲ್ಲಿಸಿ ಹೇಳಿಸುತ್ತಿದ್ದವಳು ಮಲಗಿಕೊಂಡು ಹೇಳಿದೆ. ಹದಿನೇಳೈದ್ಲೆ ಎಂಬತ್ತೈದರವರೆಗೆ ಸರಾಗ ಹೋಯಿತು. 

"ಶಾಬ್ಬಾಸ್. ನಿಮ್ಮ ಮಾಲಕರ ಹೆಸರೇನ್ರಿ ಆಜಿ?"

ನಾನು ಸುಮ್ಮನಾದೆ.

ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಸೀಮಂತ, ತೊಟ್ಟಿಲಲ್ಲಿ ಹೆಂಗಸರು ಹಟ ಹಿಡಿದರೆ ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಹೆಸರನ್ನು ಮುಚ್ಚಿಟ್ಟು ಹೇಳುವುದು ಉಂಟು. ಬರೀ ಹೆಸರು ಇಲ್ಲ. ನಾನು ಓದಿದವಳು, ನನ್ನ ಕೈ ಆ ಹೆಸರನ್ನು ಎಷ್ಟು ಕಾಗದದ ಮೇಲೆ ಬರೆದಿದೆಯೋ. ಬಾಯಿ ಮಾತ್ರ ಬೇರೆ ಸಾಲಿಯಲ್ಲಿ ಕಲಿತಿತ್ತು. ಯಾರಾದರೂ ಕೇಳಿದರೆ ಅದು ತಾನೇ ತಾನಾಗಿ ಮುಚ್ಚಿಕೊಳ್ಳುತ್ತದೆ, ಪಕ್ಕದವರು ಯಾರಾದರೂ ಹೇಳಲಿ ಅಂತ ಕಾಯುತ್ತದೆ. ಅಲ್ಲೂ ಹಾಗೇ ಆಯಿತು. ಆ ಕೋಣೆಯಲ್ಲಿ ನಮ್ಮವರ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ.

"ಆಜಿ? ಮಾಲಕರ ಹೆಸರು?" ಡಾಕ್ಟರಮ್ಮನ ಮುಖ ಹತ್ತಿರ ಬಂತು. ನಗು ಹೋಗಿತ್ತು. "ಆಜಿ, ನನ್ನ ನೋಡ್ರಿ. ಮಾತಾಡ್ರಿ." ಆಮೇಲೆ ಆಚೆಗೆ, ಬೇರೆಯದೇ ದನಿಯಲ್ಲಿ, "ಸರ್, ಮಾತು ನಿಂತೈತಿ," ಅಂದರು.

"ಕೈ?"

"ಕೈ ಐತಿ. ಮಾತಿಲ್ಲ."

"ಶಂಟ್ ಕೊಡ್ರಿ," ಅಂದರು ಸರ್ಜನ್.

ಆ ಶಬ್ದ ಕೇಳಿದಾಗ ನನಗೆ ಏನಾಗುತ್ತಿದೆ ಅನ್ನುವುದು ಹೊಳೆಯಿತು. ಬೇಕಿಲ್ಲದ ನಳಿಗೆ ನನ್ನ ನಾಳದೊಳಗೆ ಹೋಗಲಿದೆ, ನನ್ನ ಒಂದು ನಾಚಿಕೆಗೋಸ್ಕರ. ಅದು ಒಂದು ಚೂರನ್ನು ಎಬ್ಬಿಸಿದರೆ ಮಾತು ನಿಜಕ್ಕೂ ಹೋಗುತ್ತದೆ. ಹೆಸರು ಹೇಳಿಬಿಡು ಅಂತ ಬುದ್ಧಿ ಹೇಳಿತು. ಬಾಯಿ ಒಪ್ಪಲಿಲ್ಲ, ನಂಬಿದರೆ ನಂಬಿ. ಅದಕ್ಕೆ ಗೊತ್ತಿದ್ದ ಒಂದೇ ದಾರಿ ಹಿಡಿದು ಹೊರಟಿತು:

"ಹಸಿರ ಪರದಿ ಒಳಗ ಉಸಿರ ಹಿಡದೇನಿ,
ಮಲ್ಲಪ್ಪನವರ ಹೆಸರ ಹೇಳಿ ಮನಿಗೆ ನಡದೇನಿ."

ಡಾಕ್ಟರಮ್ಮನೇ ಮೊದಲು ತಿಳಿದುಕೊಂಡರು. ಮರಾಠಿಯಲ್ಲೂ ಇದೇ ಪದ್ಧತಿ, ಉಖಾಣಾ ಅನ್ನುತ್ತಾರೆ. "ಸರ್, ಥಾಂಬಾ, ತಡೀರಿ. ಆಜಿ ಉಖಾಣಾ ಹೇಳ್ಯಾರ. ಗಂಡನ ಹೆಸರು ಹಂಗ ಹೇಳೂದಿಲ್ಲ ಇವರು. ಮಾತು ಛಲೋ ಐತಿ," ಅಂದರು. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂದಿತ್ತು, ನಕ್ಕಿದ್ದಕ್ಕೋ ಹೆದರಿದ್ದಕ್ಕೋ. ಚಪ್ಪರದ ಆಚೆ ಸರ್ಜನ್ ಉದ್ದಕ್ಕೆ ಉಸಿರು ಬಿಟ್ಟದ್ದು ನನಗೂ ಕೇಳಿತು. ನಳಿಗೆ ಇಡಲಿಲ್ಲ. ಮುಂದೆ ಡಾಕ್ಟರಮ್ಮ ಗಂಡನ ತಂಟೆಗೆ ಹೋಗದೆ ಮಗ್ಗಿಯನ್ನೇ ಕೇಳಿದರು.

ಐ.ಸಿ.ಯು.ಗೆ ತಂದಾಗ ದನಿ ಒಡೆದಿತ್ತು, ನಾಲಿಗೆ ಸ್ವಲ್ಪ ಭಾರ. ಕೆಳತುಟಿಯ ಎಡ ಮೂಲೆ ಇಂದಿಗೂ ನಕ್ಕಾಗ ಒಂದಿಷ್ಟು ಜಗ್ಗುತ್ತದೆ. ಕೊಟ್ಟ ಮಾತಿನ ಪ್ರಕಾರವೇ ಆಗಿತ್ತು, ತಕರಾರಿಲ್ಲ. ನನ್ನ ಒಡಪು ನನಗಿಂತ ಮೊದಲೇ ವಾರ್ಡಿಗೆ ಮುಟ್ಟಿತ್ತು. ಬಂದ ನರ್ಸುಗಳೆಲ್ಲ "ಹಸಿರು ಪರದಿ ಆಜಿ ಇವರೇನು?" ಅಂತ ನೋಡಿ ಹೋದರು. ಈಶ್ವರಪ್ಪ ಕುತ್ತಿಗೆಯ ಪಟ್ಟಿ ನೋಡಿ ಮುಖ ತಿರುಗಿಸಿಕೊಂಡು, ಅಂತೂ ಪಾಸಾದೆ ಅಕ್ಕಾ ಅಂದ. ನಮ್ಮವರಿಗೆ ಮಗಳು ಕತೆ ಹೇಳಿದಾಗ ಅವರ ಕಿವಿ ಕೆಂಪಗಾದವು. ಗಂಡಾಂತರ ದಾಟಿತು ಅಂತ ಎಲ್ಲರೂ ಅಂದುಕೊಂಡೆವು.

ಸಂಜೆಗೆ ಎಡಗಣ್ಣಿನ ಮೇಲೆ ತಲೆ ಸಿಡಿಯತೊಡಗಿತು. ಹೊಲಿಗೆಯ ನೋವು ಇರಬೇಕು ಅಂದುಕೊಂಡೆ. ಅದು ನೋಡಲು ಬರುವವರ ಹೊತ್ತು. ನಮ್ಮವರು ಕಾಲ ಬಳಿ ನಿಂತಿದ್ದರು. ಅಕ್ಕಲಕೋಟೆ ಕಡೆಯ ನಗುಮುಖದ ನರ್ಸ್ ತಾಸಿಗೊಮ್ಮೆ ಮಾಡುವ ಪರೀಕ್ಷೆಗೆ ಬಂದಳು. ಕೈ ಎತ್ತಿಸಿದಳು, ನಗಿಸಿದಳು. ಆಮೇಲೆ ನಮ್ಮವರ ಕಡೆ ಕಣ್ಣು ಮಿಟುಕಿಸಿ, "ಆಜಿ, ಮಾಲಕರ ಹೆಸರು?" ಅಂದಳು.

ಇನ್ನೊಂದು ಒಡಪು ಹೇಳಿ ಇವಳನ್ನು ನಗಿಸೋಣ ಅಂದುಕೊಂಡೆ. ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ. ಒಡಪು ಬೇಡ, ಹೆಸರೇ ಹೇಳೋಣ ಅಂತ ಹೋದೆ, ಹೆಸರೂ ಇರಲಿಲ್ಲ. ನೀರಿನ ಬಾಟಲಿ ಎದುರಿಗೆ ಕಾಣುತ್ತಿತ್ತು, ಅದಕ್ಕೆ ಏನನ್ನುತ್ತಾರೆ ಗೊತ್ತಿಲ್ಲ. ಒದ್ದೆ ಅರಿವೆಯಿಂದ ಒರೆಸಿದ ಪಾಟಿಯ ಹಾಗೆ ತಲೆ ಖಾಲಿಯಾಗಿತ್ತು. ಖಾಲಿಯಾಗಿದೆ ಅನ್ನುವುದು ಮಾತ್ರ ನಿಚ್ಚಳ ಗೊತ್ತಿತ್ತು. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು, ಅದೇ ಕೊನೆಯಾಗಲಿ.

"ಹೂಂ, ಹೇಳಬ್ಯಾಡ್ರಿ, ಗೊತ್ತೈತಿ," ಅಂತ ಅವಳು ನಕ್ಕು, ಹಾಳೆಯಲ್ಲಿ ಗುರುತು ಹಾಕಿ ಪಕ್ಕದ ಮಂಚಕ್ಕೆ ತಿರುಗಿದಳು. ಅವಳ ತಪ್ಪಲ್ಲ. ನನ್ನ ಮೌನಕ್ಕೆ ಏನರ್ಥ ಅಂತ ಮುಂಜಾನೆ ನಾನೇ ಇಡೀ ಆಸ್ಪತ್ರೆಗೆ ಪಾಠ ಮಾಡಿದ್ದೆನಲ್ಲ. ಕೂಗಲು ನೋಡಿದೆ, ಗಂಟಲಿಂದ ಒಂದು ಸದ್ದು ಬಂದು ಅಲ್ಲೇ ಸತ್ತಿತು.

"ತಂಗಿ," ಅಂದರು ನಮ್ಮವರು.

ಅವಳು ತಿರುಗಿ ನೋಡಿದಳು.

"ಇದು ನಾಚಿಕಿ ಅಲ್ಲ. ನಾಚಿದ್ರ ಆಕಿ ಕೆಳಗ ನೋಡ್ತಾಳ. ಈಗ ನೋಡ ಆಕಿ ಕಣ್ಣು. ಹುಡಕಾಕತ್ತಾಳ." ಅವರ ದನಿ ಏರಲಿಲ್ಲ. "ಆಕಿಗೆ ಮಾತು ಸಿಗವಲ್ದು. ಡಾಕ್ಟರನ್ನ ಕರಿ. ಈಗ ಕರಿ."

ಅವಳು ನನ್ನ ಮುಖ ನೋಡಿದಳು, ಬಿ.ಪಿ. ತೋರಿಸುವ ಯಂತ್ರ ನೋಡಿದಳು, ಓಡಿದಳು. ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಸರ್ಜನ್ ಬಂದದ್ದು, ಪಟ್ಟಿಯ ಮೇಲೆಯೇ ಸ್ಕ್ಯಾನಿನ ಮೂತಿ ಒತ್ತಿದ್ದು, ನಾಳ ತೆರೆದೇ ಇದೆ ಅಂದದ್ದು. ತಲೆಯ ಫೋಟೋ ತೆಗೆಯಲು ಮಂಚವನ್ನೇ ಓಡಿಸಿಕೊಂಡು ಹೋದದ್ದು, ರಕ್ತ ಸೋರಿಲ್ಲ ಅಂತ ಯಾರೋ ಹೇಳಿದ್ದು. ಇಷ್ಟು ದಿನ ತೊಟ್ಟಿಕ್ಕುತ್ತಿದ್ದ ಕಾಲುವೆಗೆ ಒಮ್ಮೆಲೇ ಪೂರಾ ನೀರು ಬಿಟ್ಟ ಹಾಗಾಗಿದೆ, ಜೊತೆಗೆ ಬಿ.ಪಿ. ಏರಿದೆ, ಮಿದುಳಿಗೆ ತಡೆಯಲಾಗುತ್ತಿಲ್ಲ ಅಂತ ಅವರು ಮಗಳಿಗೆ ಹೇಳುತ್ತಿದ್ದರು. ಇನ್ನಷ್ಟು ಹೊತ್ತು ಬಿಟ್ಟಿದ್ದರೆ ನಾಳ ಒಡೆಯುತ್ತಿತ್ತು ಅಂತಲೂ. ಬಿ.ಪಿ. ಇಳಿಸುವ ಔಷಧಿಯನ್ನು ನರಕ್ಕೆ ಹಚ್ಚಿದರು. ನಮ್ಮವರನ್ನು ಹೊರಗೆ ಹೋಗಿ ಅಂದರು. ಅವರು ಹೋಗಲಿಲ್ಲ, ಯಾರೂ ಎರಡನೇ ಸಲ ಹೇಳಲೂ ಇಲ್ಲ.

ಮಾತು ಹೋದ ದಾರಿಯಲ್ಲೇ ವಾಪಸು ಬರುವುದಿಲ್ಲ. ಮೊದಲು "ಹೂಂ" ಬಂತು. ಆಮೇಲೆ ಬೇಡಬೇಡವೆಂದರೂ ಹದಿನೇಳರ ಮಗ್ಗಿ ಬಂತು, ಅದೂ ನಡುವೆ ನಡುವೆ ಹಲ್ಲು ಬಿದ್ದ ಹಾಗೆ. ಬಾಟಲಿ ನೋಡಿ "ನೀರು" ಅಂದಾಗ ಮಗಳು ಮುಸಿಮುಸಿ ಅತ್ತಳು. ನಾನು ಬಂದ ಒಂದೊಂದನ್ನೂ ಬಾಯಲ್ಲಿ ಹಿಡಿದಿಟ್ಟುಕೊಂಡು, ಮತ್ತೆ ಹೋಗಬಹುದೆಂದು ಹೆದರಿ, ಮತ್ತೆ ಮತ್ತೆ ಹೇಳುತ್ತ ನಿದ್ದೆ ಹೋದೆನಂತೆ.

ಮುಂಜಾನೆ ಸರ್ಜನ್ ಮತ್ತು ಡಾಕ್ಟರಮ್ಮ ಒಟ್ಟಿಗೆ ಬಂದರು. ನಿನ್ನೆಯ ನರ್ಸೂ ಹಿಂದೆ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ನಮ್ಮವರು ಸ್ಟೂಲಿನ ಮೇಲೆ ಕೂತಲ್ಲೇ ಗೋಡೆಗೆ ತಲೆ ಆನಿಸಿ ಜೋಂಪು ಹತ್ತಿದ್ದರು. ಊರು ಕೇಳಿದರು, ಹೇಳಿದೆ. ಪೆನ್ನು, ಗಡಿಯಾರ ತೋರಿಸಿದರು, ಹೇಳಿದೆ. ಡಾಕ್ಟರಮ್ಮ ಒಂದು ಗಳಿಗೆ ಅನುಮಾನಿಸಿ, "ಆಜಿ, ಇದೊಂದು ನಮಗ ಕೇಳಲೇಬೇಕು," ಅಂದರು. ಏನು ಅಂತ ಬಾಯಿಬಿಟ್ಟು ಕೇಳಲಿಲ್ಲ.

ಒಡಪು ಕಟ್ಟಬಹುದಿತ್ತು. ಪ್ರಾಸಗಳು ತಲೆಯಲ್ಲಿ ಒಂದೊಂದಾಗಿ ಎದ್ದು ನಿಲ್ಲತೊಡಗಿದ್ದವು, ಅದೇ ಒಂದು ಸಂತೋಷ. ಆದರೆ ಇನ್ನು ಯಾರೂ ನನ್ನ ಮೌನವನ್ನು ತಪ್ಪು ಓದುವುದು ನನಗೆ ಬೇಕಿರಲಿಲ್ಲ.

"ಮಲ್ಲಪ್ಪ," ಅಂದೆ. ದನಿ ಒಡೆದಿತ್ತಾದ್ದರಿಂದ ಸರಿಯಾಗಿ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ, ಇದ್ದ ಶಕ್ತಿಯನ್ನೆಲ್ಲ ಹಾಕಿ ಅಂದೆ, "ಮಲ್ಲಪ್ಪಾ."

ನಮ್ಮ ಅತ್ತೆ ತೀರಿಕೊಂಡ ಮೇಲೆ ಆ ಹೆಸರನ್ನು ಹಾಗೆ ಬರೀದಾಗಿ ಕರೆದವರು ಯಾರೂ ಇರಲಿಲ್ಲ. ಜೋಂಪಿನಲ್ಲಿದ್ದ ಅವರು ಕಣ್ಣು ಬಿಡುವ ಮೊದಲೇ, ಹಿತ್ತಲಿನಿಂದ ಓಗೊಡುವ ಹುಡುಗನ ಹಾಗೆ, "ಓ," ಅಂದರು.